ಇವತ್ತು ಬರುವುದು ಯಾವ ಬರ್ನೆಟ್?

(ನ್ಯೂಜೆರ್ಸಿಯಲ್ಲಿ ಕನ್ನಡಿಗ ಗೆಳೆಯರ ಬಳಗವೊಂದರಲ್ಲಿ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಬೇಸ್‌ಬಾಲ್ ಬಗ್ಗೆ ಮಾತಾಡಲು ಕರೆದಾಗ ಬೇಬ್ ರೂತ್, ಡೆರೆಕ್ ಜೀಟರ್, ಮರಿಯಾನೊ ರಿವೇರಾ ಅಂಥವರ ಕಥೆ ಹೇಳುತ್ತೇನೆ ಅಂತ ಕೆಲವರು ಅಂದುಕೊಂಡಿರಬಹುದು. ಅವರನ್ನು ಹೊಗಳೋಕೆ ಬೇಕಾದಷ್ಟು ಜನ ಇದ್ದಾರೆ. ನನಗೆ ಮಾತಾಡಬೇಕು ಅನಿಸಿದ್ದು ಎ.ಜೆ. ಬರ್ನೆಟ್ ಬಗ್ಗೆ. 2009ರಿಂದ 2011ರವರೆಗೆ ನ್ಯೂಯಾರ್ಕ್ ಯಾಂಕೀಸ್‌ನಲ್ಲಿದ್ದ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು. ಯಾಂಕೀಸ್ ಅಭಿಮಾನಿಗಳಿಗೆ ಆ ಮೂರು ವರ್ಷ ಅವನಷ್ಟು ಸಿಟ್ಟು ತರಿಸಿದ ಆಟಗಾರ ಇನ್ನೊಬ್ಬ ಇಲ್ಲ. ಆ ಸಿಟ್ಟಿನಲ್ಲಿ ನ್ಯಾಯ ಎಷ್ಟಿತ್ತು, ಅನ್ಯಾಯ ಎಷ್ಟಿತ್ತು ಅನ್ನುವುದೇ ಇವತ್ತಿನ ಮಾತು.

ಕ್ರಿಕೆಟ್ ನೋಡಿ ಬೆಳೆದವರಿಗೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕ್ರಿಕೆಟ್‌ನಲ್ಲಿ ಬೌಲರ್ ಒಂದೆರಡು ಓವರ್ ಕೆಟ್ಟದಾಗಿ ಹಾಕಿದರೆ ನಾಯಕ ಅವನನ್ನು ಬೌಂಡರಿ ಹತ್ತಿರ ನಿಲ್ಲಿಸಿ, ಆಮೇಲೆ ಇನ್ನೊಂದು ತುದಿಯಿಂದ ಮತ್ತೆ ಕರೆಯುತ್ತಾನೆ. ಬೇಸ್‌ಬಾಲ್‌ನಲ್ಲಿ ಆ ಅನುಕೂಲ ಇಲ್ಲ. ಪಂದ್ಯ ಶುರು ಮಾಡುವ ಸ್ಟಾರ್ಟಿಂಗ್ ಪಿಚರ್‌ನನ್ನು ಒಮ್ಮೆ ಹೊರಗೆ ಕರೆದರೆ ಮುಗಿಯಿತು, ಆ ಪಂದ್ಯಕ್ಕೆ ಅವನು ಮತ್ತೆ ಬರುವಂತಿಲ್ಲ. ಒಳಗಿರುವಷ್ಟು ಹೊತ್ತು ಎದುರು ತಂಡದ ಒಬ್ಬೊಬ್ಬ ಬ್ಯಾಟರ್‌ಗೂ ಅವನೇ ಎಸೆಯಬೇಕು, ಇನ್ನೊಂದು ತುದಿಯಿಂದ ಕೈಜೋಡಿಸಲು ಯಾರೂ ಇಲ್ಲ. ಅಂಥ ಐದು ಜನ ಸರದಿಯಲ್ಲಿ ಬರುತ್ತಾರೆ. ಹಾಗಾಗಿ ಸೀಸನ್‌ನ 162 ಪಂದ್ಯಗಳಲ್ಲಿ ಒಬ್ಬನ ಪಾಲಿಗೆ 32, 33 ಬರುತ್ತವೆ. ಅಭಿಮಾನಿಯ ವಾರವೂ ಇದೇ ಲೆಕ್ಕದಲ್ಲಿ ನಡೆಯುತ್ತದೆ. ಎಡಿಸನ್‌ನಿಂದ ರೈಲು ಹತ್ತಿ, ಮ್ಯಾನ್‌ಹ್ಯಾಟನ್‌ನಲ್ಲಿ ಸಬ್‌ವೇ ಹಿಡಿದು ಬ್ರಾಂಕ್ಸ್‌ಗೆ ಹೋಗಬೇಕು ಅಂದರೆ, ಟಿಕೆಟ್ ತೆಗೆದುಕೊಳ್ಳುವ ಮುಂಚೆ ಬೆರಳು ಮಡಚಿ ಎಣಿಸುತ್ತೇವೆ: ಶುಕ್ರವಾರ ಸಬಾಥಿಯಾ, ಶನಿವಾರ ಬರ್ನೆಟ್. ಆ ಶನಿವಾರಕ್ಕೆ ಟಿಕೆಟ್ ತಗೊಳ್ಳೋದಾ ಬೇಡ್ವಾ?

ಅವನನ್ನು ತಂದಿದ್ದು ಹೇಗೆ ಅಂತ ನೋಡೋಣ. 2008ರಲ್ಲಿ ಯಾಂಕೀಸ್ ಪ್ಲೇಆಫ್‌ಗೆ, ಅಂದರೆ ಸೀಸನ್ ಮುಗಿದ ಮೇಲಿನ ನಾಕ್‌ಔಟ್ ಸುತ್ತುಗಳಿಗೆ, ಹೋಗಲಿಲ್ಲ. ಮರುವರ್ಷ ಹೊಸ ಸ್ಟೇಡಿಯಂ ಬಾಗಿಲು ತೆರೆಯಬೇಕಿತ್ತು. ಆ ಚಳಿಗಾಲದಲ್ಲಿ ತಂಡ ಹಣದ ಚೀಲ ಬಿಚ್ಚಿತು. ಸಿ.ಸಿ. ಸಬಾಥಿಯಾಗೆ 16.1 ಕೋಟಿ ಡಾಲರ್, ಮಾರ್ಕ್ ಟಶೇರಾಗೆ 18 ಕೋಟಿ, ಬರ್ನೆಟ್‌ಗೆ ಐದು ವರ್ಷಕ್ಕೆ 8.25 ಕೋಟಿ. ಆಗ ಬರ್ನೆಟ್‌ಗೆ 32 ತುಂಬುತ್ತಿತ್ತು. 2003ರಲ್ಲಿ ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಆಗಿತ್ತು. 2008ರಲ್ಲಿ ಟೊರಾಂಟೊ ಪರ 18 ಗೆಲುವು, 231 ಸ್ಟ್ರೈಕ್‌ಔಟ್. ಬ್ಯಾಟರ್ ಬೀಸಿ ತಪ್ಪಿದರೂ, ಗುರಿಗೆ ಬಿದ್ದ ಎಸೆತವನ್ನು ಬಿಟ್ಟರೂ ಒಂದು ಸ್ಟ್ರೈಕ್; ಮೂರು ಸ್ಟ್ರೈಕ್ ಆಗಿ ಔಟಾದರೆ ಸ್ಟ್ರೈಕ್‌ಔಟ್. ಟೊರಾಂಟೊ, ಯಾಂಕೀಸ್ ಎರಡೂ ಇರುವ ಅಮೆರಿಕನ್ ಲೀಗ್‌ನಲ್ಲಿ ಆ ವರ್ಷ ಅಷ್ಟು ಸ್ಟ್ರೈಕ್‌ಔಟ್ ಬೇರೆ ಯಾರೂ ಮಾಡಿರಲಿಲ್ಲ. ಆದರೆ ಅದೇ ವರ್ಷ ಅವನ ಇಆರ್‌ಎ 4.07. ಇಆರ್‌ಎ ಅಂದರೆ, ಫೀಲ್ಡರ್‌ಗಳ ತಪ್ಪಿನಿಂದ ಹೋದ ರನ್ ಬಿಟ್ಟು, ಒಂಬತ್ತು ಇನ್ನಿಂಗ್‌ಗೆ, ಅಂದರೆ ಒಂದು ಪೂರ್ತಿ ಪಂದ್ಯಕ್ಕೆ, ಪಿಚರ್ ಸರಾಸರಿ ಎಷ್ಟು ರನ್ ಕೊಟ್ಟ ಅನ್ನುವ ಲೆಕ್ಕ. ಅಷ್ಟೊಂದು ಜನರನ್ನು ಔಟ್ ಮಾಡುವ ತೋಳಿಗೆ 4.07 ತೀರಾ ಜಾಸ್ತಿ. ಎರಡು ಅಂಕಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಮುಂದೆ ಏನಾಗಬಹುದು ಅಂತ ಆಗಲೇ ಗೊತ್ತಾಗುತ್ತಿತ್ತು.

ಇನ್ನೂ ಹಿಂದಕ್ಕೆ ಹೋಗಬಹುದು. 2001ರ ಮೇ 12, ಸ್ಯಾನ್ ಡಿಯಾಗೊ. ಫ್ಲಾರಿಡಾ ಮಾರ್ಲಿನ್ಸ್‌ನಲ್ಲಿದ್ದ 24 ವರ್ಷದ ಬರ್ನೆಟ್ ನೋ-ಹಿಟ್ಟರ್ ಎಸೆದ. ಇಡೀ ಪಂದ್ಯದಲ್ಲಿ ಎದುರಾಳಿಗೆ ಒಂದೇ ಒಂದು ಹಿಟ್ ಇಲ್ಲ, ಅಂದರೆ ಹೊಡೆತದ ಬಲದಿಂದ ಯಾರೂ ಬೇಸ್ ತಲುಪಲಿಲ್ಲ. ಪಿಚರ್ ಒಬ್ಬನ ಬಾಳಿನಲ್ಲಿ ಒಮ್ಮೆ ಸಿಕ್ಕರೆ ಪುಣ್ಯ ಅನ್ನುವಂಥದ್ದು. ಆದರೆ ಅದೇ ಪಂದ್ಯದಲ್ಲಿ ಅವನು 9 ಜನರಿಗೆ ವಾಕ್ ಕೊಟ್ಟ. ನಾಲ್ಕು ಎಸೆತ ಗುರಿ ತಪ್ಪಿ, ಬ್ಯಾಟರ್ ಬ್ಯಾಟೇ ಬೀಸದೆ, ಆರಾಮಾಗಿ ಫಸ್ಟ್ ಬೇಸ್‌ಗೆ ನಡೆದು ಹೋಗುವುದೇ ವಾಕ್. ನಾಲ್ಕು ಬೇಸ್ ಸುತ್ತಿ ಬಂದರೆ ಒಂದು ರನ್. ಇದು ಸಾಲದು ಅಂತ ಒಬ್ಬ ಬ್ಯಾಟರ್‌ನ ಮೈಗೂ ಚೆಂಡು ಹೊಡೆದ. ಒಟ್ಟು 129 ಎಸೆತ. ಅವನ ಎಸೆತ ಯಾರಿಗೂ ಹೊಡೆಯಲು ಆಗಲಿಲ್ಲ, ಎಲ್ಲಿ ಹೋಗುತ್ತದೆ ಅಂತ ಅವನಿಗೂ ಪೂರ್ತಿ ಗೊತ್ತಿರಲಿಲ್ಲ. ಮುಂದಿನ 14 ವರ್ಷದ ಬರ್ನೆಟ್ ಆ ಒಂದೇ ಸಂಜೆಯಲ್ಲಿ ಇದ್ದಾನೆ.

ಈಗ ನಮ್ಮ ಗೋಳಿಗೆ ಬರೋಣ. 2009ರ ಆಗಸ್ಟ್ 7, ಯಾಂಕೀ ಸ್ಟೇಡಿಯಂ, ಎದುರಿಗೆ ಬಾಸ್ಟನ್ ರೆಡ್ ಸಾಕ್ಸ್. ಇವರಿಬ್ಬರ ಹಗೆತನ ಎಂಥದ್ದು ಅಂತ ನ್ಯೂಜೆರ್ಸಿಯಲ್ಲಿ ಇರುವವರಿಗೆ ಹೇಳಬೇಕಾಗಿಲ್ಲ. ಬಾಸ್ಟನ್ ಪರ ಜಾಶ್ ಬೆಕೆಟ್, ನಮ್ಮ ಪರ ಬರ್ನೆಟ್. ಎಂಟನೇ ಇನ್ನಿಂಗ್‌ನಲ್ಲಿ ಎರಡು ಔಟ್ ಆಗುವವರೆಗೂ ಬರ್ನೆಟ್ ಎಸೆದ (ಮೂರು ಔಟ್ ಆದರೆ ತಂಡದ ಸರದಿ ಮುಗಿಯುತ್ತದೆ). ಬಾಸ್ಟನ್‌ಗೆ ಸಿಕ್ಕಿದ್ದು ಒಂದು ಹಿಟ್, ಸೊನ್ನೆ ರನ್. ಪಂದ್ಯ 15 ಇನ್ನಿಂಗ್‌ವರೆಗೂ ಎಳೆದು, ನಮ್ಮ ಅಲೆಕ್ಸ್ ರಾಡ್ರಿಗಸ್ ಬೇಲಿಯಾಚೆ ಹೊಡೆದ ಹೋಮ್ ರನ್‌ನಲ್ಲಿ ಮುಗಿಯಿತು. ಇವನಿಗೆ 8.25 ಕೋಟಿ ಕೊಟ್ಟಿದ್ದು ಸಾರ್ಥಕ ಅಂತ ಆ ರಾತ್ರಿ ಎಲ್ಲರೂ ಹೇಳಿದರು. ಎರಡು ವಾರ ಕಳೆಯಿತು. ಆಗಸ್ಟ್ 22, ಬಾಸ್ಟನ್‌ನ ಫೆನ್ವೇ ಪಾರ್ಕ್, ಅದೇ ತಂಡ, ಅದೇ ಬರ್ನೆಟ್. ಐದು ಇನ್ನಿಂಗ್‌ನಲ್ಲಿ 9 ರನ್. ಪಂದ್ಯ 14-1ರಲ್ಲಿ ಹೋಯಿತು. ಬ್ಯಾಟರ್ ಹಿಂದೆ ಕೂತು ಯಾವ ಎಸೆತ ಬೇಕು ಅಂತ ಸನ್ನೆ ಮಾಡುವ ಕ್ಯಾಚರ್ ಹೋರ್ಹೆ ಪೊಸಾಡಾ ಕೇಳಿದ ಎಸೆತ ಇಷ್ಟವಾಗದೆ, ಬರ್ನೆಟ್ ಪಿಚಿಂಗ್ ದಿಬ್ಬದ ಮೇಲೇ ಎರಡೂ ಕೈ ಅಗಲಿಸಿ ಬೇಜಾರು ತೋರಿಸಿದ. ಟಿವಿಯಲ್ಲಿ ಎಲ್ಲರೂ ನೋಡಿದರು.

ಅಲ್ಲಿಂದ ಮುಂದೆ ನಮ್ಮಲ್ಲಿ ಒಂದು ಮಾತು ರೂಢಿಯಾಯಿತು. ಒಳ್ಳೆ ಎ.ಜೆ., ಕೆಟ್ಟ ಎ.ಜೆ. ಪಂದ್ಯ ಶುರುವಾಗುವ ಮುಂಚೆ ಒಬ್ಬರನ್ನೊಬ್ಬರು ಕೇಳುವುದು ಇದನ್ನೇ: ಇವತ್ತು ಬರುವುದು ಯಾವ ಬರ್ನೆಟ್?

ಆ ವರ್ಷದ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ನಾಲ್ಕು ಪಂದ್ಯ ಗೆದ್ದವರಿಗೆ ಕಪ್ ಸಿಗುವ ಫೈನಲ್‌ನಲ್ಲಿ, ಇಬ್ಬರೂ ಬಂದರು. ಮೊದಲ ಪಂದ್ಯವನ್ನು ಫಿಲಡೆಲ್ಫಿಯಾ ನಮ್ಮ ಊರಲ್ಲೇ ಗೆದ್ದಿತ್ತು. ಎರಡನೆಯದೂ ಹೋದರೆ ಕಥೆ ಮುಗಿದಂತೆ. ಎದುರಿಗೆ ಪೆಡ್ರೊ ಮಾರ್ಟಿನೆಸ್. ಬರ್ನೆಟ್ ಏಳು ಇನ್ನಿಂಗ್ ಎಸೆದು, 9 ಸ್ಟ್ರೈಕ್‌ಔಟ್ ಮಾಡಿ, ಒಂದೇ ರನ್ ಕೊಟ್ಟ. ಕೊನೆಯ ಎರಡು ಇನ್ನಿಂಗ್ ರಿವೇರಾ ನೋಡಿಕೊಂಡ. 3-1 ಗೆಲುವು. ಐದನೇ ಪಂದ್ಯಕ್ಕೆ ಮತ್ತೆ ಬರ್ನೆಟ್, ಅದೂ ಮೂರೇ ದಿನದ ವಿಶ್ರಾಂತಿಯ ಮೇಲೆ. ಮೊದಲನೇ ಇನ್ನಿಂಗ್‌ನಲ್ಲೇ ಚೇಸ್ ಅಟ್ಲಿ ಮೂರು ರನ್ನಿನ ಹೋಮ್ ರನ್ ಹೊಡೆದ. ಮೂರನೇ ಇನ್ನಿಂಗ್‌ನಲ್ಲಿ ಒಬ್ಬನನ್ನೂ ಔಟ್ ಮಾಡಲಾಗದೆ ಬರ್ನೆಟ್ ಹೊರಗೆ ನಡೆದ. ಅವನ ಲೆಕ್ಕಕ್ಕೆ 6 ರನ್. 8-6ರಲ್ಲಿ ಸೋತೆವು. ಆರನೇ ಪಂದ್ಯದಲ್ಲಿ ಹಿಡೆಕಿ ಮಾತ್ಸುಯಿ ಒಬ್ಬನೇ 6 ರನ್ ತಂದು ಕಪ್ ಗೆಲ್ಲಿಸಿದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬರ್ನೆಟ್‌ನ ಎರಡು ಪಂದ್ಯ ಕೂಡಿಸಿದರೆ 9 ಇನ್ನಿಂಗ್, 7 ರನ್. ಇಆರ್‌ಎ 7.00. ಆ ಅಂಕಿ ಮಾತ್ರ ನೋಡಿದವರು ಇವನಿಂದ ಏನೂ ಆಗಲಿಲ್ಲ ಅನ್ನುತ್ತಾರೆ. ಆದರೆ ಎರಡನೇ ಪಂದ್ಯ ಇಲ್ಲದೆ ಆ ಕಪ್ ಇಲ್ಲ. ಇದಕ್ಕೊಂದು ಗಣಿತವೂ ಇದೆ. ಪ್ರತಿ ಸಲವೂ ಐದು ರನ್ ಕೊಡುವ ಪಿಚರ್ ಇದ್ದಾನೆ ಅಂದುಕೊಳ್ಳಿ. ಇನ್ನೊಬ್ಬ ಒಂದು ಸಲ ಒಂದು ರನ್, ಇನ್ನೊಂದು ಸಲ ಒಂಬತ್ತು ರನ್ ಕೊಡುತ್ತಾನೆ. ಸರಾಸರಿ ಇಬ್ಬರದೂ ಒಂದೇ. ಆದರೆ ಮೊದಲನೆಯವನ ಜೊತೆ ಎರಡೂ ಪಂದ್ಯ ಸೋಲಬಹುದು. ಎರಡನೆಯವನ ಜೊತೆ ಒಂದು ಸೋತರೂ ಇನ್ನೊಂದನ್ನು ಹೆಚ್ಚುಕಮ್ಮಿ ಗೆದ್ದಂತೆಯೇ. ಒಂದು ರನ್ನಿನಿಂದ ಸೋತರೂ ಹದಿಮೂರು ರನ್ನಿನಿಂದ ಸೋತರೂ ಪಟ್ಟಿಯಲ್ಲಿ ಬರೆಯುವುದು ಒಂದೇ ಸೋಲು. ಈ ಲೆಕ್ಕದಲ್ಲಿ ಏರಿಳಿತದ ಪಿಚರ್ ಲಾಭವೇ. ಹಾಗಿದ್ದರೆ ಅಭಿಮಾನಿಗಳ ಸಿಟ್ಟು ಸುಮ್ನೆನಾ?

ಅಲ್ಲ. ಆ ಗಣಿತ ಒಂದು ಖರ್ಚನ್ನು ಬಿಟ್ಟುಬಿಟ್ಟಿದೆ. ಸ್ಟಾರ್ಟರ್ ಮೂರನೇ ಇನ್ನಿಂಗ್‌ನಲ್ಲಿ ಹೊರಗೆ ಬಂದರೆ ಉಳಿದ ಆರೇಳು ಇನ್ನಿಂಗ್ ಎಸೆಯುವವರು ಯಾರು? ಬುಲ್‌ಪೆನ್‌ನಲ್ಲಿ ಕೂತ ರಿಲೀಫ್ ಪಿಚರ್‌ಗಳು. ಒಂದೊಂದು ಇನ್ನಿಂಗ್ ಎಸೆಯಲು ಇಟ್ಟುಕೊಂಡ ತೋಳುಗಳು ಅವತ್ತು ಎರಡೆರಡು ಇನ್ನಿಂಗ್ ಎಸೆಯುತ್ತವೆ. ಮರುದಿನ 3-2ರಲ್ಲಿ ಮುಂದಿರುವಾಗ ಬೇಕಾದವನ ತೋಳು ಸೋತಿರುತ್ತದೆ. ಕೆಟ್ಟ ಎ.ಜೆ. ಬಂದ ದಿನ ನಾವು ಒಂದು ಪಂದ್ಯ ಸೋಲುತ್ತಿದ್ದೆವು, ಜೊತೆಗೆ ನಾಳೆಯ ಪಂದ್ಯದ ಒಂದು ಪಾಲನ್ನೂ. ಅಭಿಮಾನಿಗೆ ಇದು ಹೊಟ್ಟೆಯಲ್ಲೇ ಗೊತ್ತಾಗುತ್ತದೆ. ಮೊದಲ ಇನ್ನಿಂಗ್‌ನಲ್ಲಿ ಎರಡು ವಾಕ್ ಆದ ಕೂಡಲೇ ಸ್ಟೇಡಿಯಂನಲ್ಲಿ ಏಳುವ ಗೊಣಗಾಟದಲ್ಲಿ ಆ ಲೆಕ್ಕ ಇರುತ್ತದೆ.

ಈಗ ಇವನು ಹೀಗೇಕೆ ಅನ್ನುವ ಪ್ರಶ್ನೆ. ನ್ಯೂಯಾರ್ಕಿನಲ್ಲಿ ಸಿಗುತ್ತಿದ್ದ ಉತ್ತರ ಒಂದೇ: ಇವನಿಗೆ ಗುಂಡಿಗೆ ಇಲ್ಲ, ದೊಡ್ಡ ಊರಿನ ಒತ್ತಡ ತಡೆಯುವ ಶಕ್ತಿ ಇಲ್ಲ. ಈ ಮಾತನ್ನು ನಾನು ಒಪ್ಪುವುದಿಲ್ಲ. ಬರ್ನೆಟ್ ಹತ್ತಿರ ಮುಖ್ಯವಾಗಿ ಇದ್ದದ್ದು ಎರಡೇ ಎಸೆತ. ಒಂದು ಗಂಟೆಗೆ 150 ಕಿಲೋಮೀಟರ್ ದಾಟುವ ಫಾಸ್ಟ್‌ಬಾಲ್. ಇನ್ನೊಂದು ತೋರುಬೆರಳನ್ನು ಮಡಚಿ ಚೆಂಡಿಗೆ ಒತ್ತಿ ಹಿಡಿದು ಎಸೆಯುವ ಕರ್ವ್‌ಬಾಲ್. ಆ ಕರ್ವ್ ಬ್ಯಾಟರ್‌ನ ಮಂಡಿಯ ಎತ್ತರಕ್ಕೆ ಸ್ಟ್ರೈಕ್ ಥರ ಬರುತ್ತದೆ, ಕೊನೆಯ ಗಳಿಗೆಯಲ್ಲಿ ಧುಮುಕಿ ನೆಲಕ್ಕೆ ಬೀಳುತ್ತದೆ. ಬ್ಯಾಟರ್ ಗಾಳಿಗೆ ಬೀಸುತ್ತಾನೆ. ನೋಡಲು ಅಷ್ಟು ಚಂದ.

ಆದರೆ ಅದು ಕೆಲಸ ಮಾಡಬೇಕಾದರೆ ಫಾಸ್ಟ್‌ಬಾಲ್ ಗುರಿಗೆ ಬೀಳಬೇಕು. ಮೊದಲ ಎಸೆತವೇ ಸ್ಟ್ರೈಕ್ ಆದರೆ ಬ್ಯಾಟರ್‌ಗೆ ಅವಸರ, ನೆಲಕ್ಕೆ ಬೀಳುವ ಕರ್ವ್‌ಗೂ ಬೀಸುತ್ತಾನೆ. ಫಾಸ್ಟ್‌ಬಾಲ್ ಅತ್ತಿತ್ತ ಹೋಗುವ ದಿನ ಬ್ಯಾಟರ್ ಸುಮ್ನೆ ನಿಲ್ಲುತ್ತಾನೆ. ಕರ್ವ್ ನೆಲಕ್ಕೆ ಬೀಳುತ್ತದೆ, ಯಾರೂ ಬೀಸುವುದಿಲ್ಲ, ಲೆಕ್ಕ ಎರಡು ಬಾಲ್, ಮೂರು ಬಾಲ್ ಆಗುತ್ತದೆ (ಬೀಸದೆ ಬಿಟ್ಟ, ಗುರಿ ತಪ್ಪಿದ ಎಸೆತಕ್ಕೆ ಬಾಲ್ ಅನ್ನುತ್ತಾರೆ). ಈಗ ಸ್ಟ್ರೈಕ್ ಹಾಕಲೇಬೇಕು, ಹಾಗಾಗಿ ಫಾಸ್ಟ್‌ಬಾಲ್ ನಡುಮಧ್ಯಕ್ಕೆ ಬರುತ್ತದೆ. ಅದು ಬರುತ್ತದೆ ಅಂತ ಬ್ಯಾಟರ್‌ಗೂ ಗೊತ್ತು. ಇನ್ನೂ ಒಂದಿದೆ. ನೆಲಕ್ಕೆ ಬಿದ್ದ ಕರ್ವ್ ಕ್ಯಾಚರ್‌ಗೆ ತಪ್ಪಿ ಹಿಂದೆ ಓಡಿದರೆ ಬೇಸ್ ಮೇಲಿರುವವರು ಒಂದೊಂದು ಬೇಸ್ ಮುಂದೆ ಹೋಗುತ್ತಾರೆ. 2011ರಲ್ಲಿ ಬರ್ನೆಟ್ ಇಂಥ 25 ವೈಲ್ಡ್ ಪಿಚ್ ಎಸೆದ, ಲೀಗ್‌ನಲ್ಲೇ ಹೆಚ್ಚು. ಮೂರನೇ ಬೇಸ್‌ನಲ್ಲಿ ಎದುರಾಳಿ ನಿಂತಿದ್ದರೆ ತನ್ನ ಅತ್ಯುತ್ತಮ ಎಸೆತವನ್ನು ಎಸೆಯಲು ಅವನು ಹಿಂಜರಿಯಬೇಕಿತ್ತು. ಬೇರೆ ಪಿಚರ್‌ಗಳಿಗೆ ಮೂರನೆಯದೋ ನಾಲ್ಕನೆಯದೋ ಎಸೆತ ಇರುತ್ತದೆ. ಒಂದು ಕೈಕೊಟ್ಟ ದಿನ ಇನ್ನೊಂದರಲ್ಲಿ ಹೇಗೋ ಆರು ಇನ್ನಿಂಗ್ ದಾಟಿಸುತ್ತಾರೆ. ಆಂಡಿ ಪೆಟಿಟ್ ಎಷ್ಟು ಸಲ ಹಾಗೆ ಬಚಾವಾಗಿದ್ದಾನೆ! ಬರ್ನೆಟ್‌ಗೆ ಆ ದಾರಿ ಇರಲಿಲ್ಲ. ಹಾಗಾಗಿ ಅವನಿಗೆ ಸಾಧಾರಣ ದಿನಗಳು ಕಮ್ಮಿ. ಇದ್ದರೆ ಅಮಾವಾಸ್ಯೆ, ಇಲ್ಲದಿದ್ದರೆ ಹುಣ್ಣಿಮೆ.

ಕ್ಯಾಚರ್ ವಿಷಯವೂ ಇದೆ. 2009ರ ಪ್ಲೇಆಫ್‌ನಲ್ಲಿ ಬರ್ನೆಟ್ ಎಸೆಯುವಾಗ ಪೊಸಾಡಾ ಬದಲು ಹೋಸೆ ಮೊಲಿನಾನನ್ನು ಆಡಿಸಿದರು. ನೆಲಕ್ಕೆ ಬೀಳುವ ಚೆಂಡನ್ನು ಎದೆಯೊಡ್ಡಿ ತಡೆಯುವುದರಲ್ಲಿ ಮೊಲಿನಾ ಗಟ್ಟಿಗ, ಬ್ಯಾಟಿಂಗ್‌ನಲ್ಲಿ ಪೊಸಾಡಾಗೆ ಸಾಟಿಯಲ್ಲ. ಅಂದರೆ ಬರ್ನೆಟ್‌ಗೋಸ್ಕರ ತಂಡ ಒಬ್ಬ ಒಳ್ಳೆಯ ಬ್ಯಾಟರ್‌ನನ್ನು ಕೂರಿಸಬೇಕಾಯಿತು. ಆದರೆ ಕ್ಯಾಚರ್ ಒಬ್ಬನಿಂದಲೇ ಎಲ್ಲ ಸರಿಹೋಗುತ್ತಿತ್ತು ಅಂತಲೂ ಹೇಳಲಾಗದು. 2011ರಲ್ಲಿ ರಸೆಲ್ ಮಾರ್ಟಿನ್‌ನಂಥ ಒಳ್ಳೆಯ ಕ್ಯಾಚರ್ ಬಂದಮೇಲೂ ಇಆರ್‌ಎ 5.15 ಆಯಿತು.

2010 ಬಗ್ಗೆ ಜಾಸ್ತಿ ಹೇಳುವುದಿಲ್ಲ. 10 ಗೆಲುವು, 15 ಸೋಲು, ಇಆರ್‌ಎ 5.26. ಜೂನ್ ತಿಂಗಳಲ್ಲಿ ಐದು ಸಲ ಎಸೆದು ಐದೂ ಸೋತ. ಜುಲೈ 17ರಂದು ಟ್ಯಾಂಪಾ ಬೇ ವಿರುದ್ಧ ಎರಡನೇ ಇನ್ನಿಂಗ್ ಮುಗಿಸಿ ಒಳಗೆ ಹೋದವನು, ಸಿಟ್ಟಿನಲ್ಲಿ ಬಾಗಿಲಿಗೆ ಎರಡೂ ಕೈಯಿಂದ ಗುದ್ದಿದ. ಬಾಗಿಲ ಮೇಲೆ ಆಟಗಾರರ ಪಟ್ಟಿ ಸಿಕ್ಕಿಸುವ ಪ್ಲಾಸ್ಟಿಕ್ ಚೌಕಟ್ಟು ಇತ್ತು. ಅಂಗೈಗಳು ಕೊಯ್ದುಹೋದವು. ಮೂರನೇ ಇನ್ನಿಂಗ್‌ನಲ್ಲೇ ಹೊರಗೆ. ಒಬ್ಬ ಪಿಚರ್ ತನ್ನ ಕೈಯನ್ನೇ ಹಾಳು ಮಾಡಿಕೊಳ್ಳುವುದು ನೋಡಿದಾಗ ನಿಜಕ್ಕೂ ಕೋಪ ಬಂತು. ಪೂರ್ತಿ ತಂಡ ನಿನ್ನ ಕೈಯನ್ನು ನಂಬಿ ಕೂತಿರುವಾಗ ಅದು ನಿನ್ನೊಬ್ಬನದೇ ಕೈ ಅಲ್ಲ. ಅವನ ಪಿಚಿಂಗ್ ಬಗ್ಗೆ ನಾನು ಎಷ್ಟೇ ವಾದ ಮಾಡಿದರೂ ಇದೊಂದಕ್ಕೆ ವಾದ ಇಲ್ಲ.

ಆ ವರ್ಷ ಮಿನೆಸೋಟ ವಿರುದ್ಧದ ಪ್ಲೇಆಫ್ ಸುತ್ತಿನಲ್ಲಿ ಅವನಿಗೆ ಜಾಗವೇ ಸಿಗಲಿಲ್ಲ. ಮುಂದಿನ ಸುತ್ತಿನಲ್ಲಿ ಟೆಕ್ಸಸ್ ವಿರುದ್ಧ ನಾಲ್ಕನೇ ಪಂದ್ಯ ಕೊಟ್ಟರು. ಎರಡು ವಾರದ ಮೇಲಾಗಿತ್ತು ಪಂದ್ಯ ಆಡಿ. ಆರನೇ ಇನ್ನಿಂಗ್‌ವರೆಗೂ 3-2ರಲ್ಲಿ ಮುಂದಿದ್ದೆವು. ಎರಡು ಔಟ್ ಆಗಿತ್ತು. ಮ್ಯಾನೇಜರ್ ಜೋ ಜಿರಾರ್ಡಿ ಒಬ್ಬ ಬ್ಯಾಟರ್‌ಗೆ ಬೇಕೆಂದೇ ವಾಕ್ ಕೊಡಿಸಿದ. ಮುಂದೆ ಬಂದವನು ಬೆಂಜಿ ಮೊಲಿನಾ. ನಮ್ಮ ಹೋಸೆ ಮೊಲಿನಾನ ಅಣ್ಣ. ಮೊದಲ ಎಸೆತಕ್ಕೇ ಮೂರು ರನ್ನಿನ ಹೋಮ್ ರನ್. ಬರ್ನೆಟ್ ದಿಬ್ಬದ ಮೇಲೆ ಕುಕ್ಕರಗಾಲಲ್ಲಿ ಕೂತುಬಿಟ್ಟ. ಅಲ್ಲಿಯವರೆಗೆ ಅವನು ಚೆನ್ನಾಗೇ ಎಸೆದಿದ್ದ ಅನ್ನುವುದು ಮರುದಿನ ಯಾರ ಬಾಯಲ್ಲೂ ಬರಲಿಲ್ಲ. ಇದನ್ನು ನಾನು ಅನ್ಯಾಯ ಅನ್ನುತ್ತೇನೆ. ಇನ್ನೂ ಮುಂದುವರಿಸಬೇಕಾ, ತೆಗೆಯಬೇಕಾ ಅನ್ನುವ ನಿರ್ಧಾರ ಪಿಚರ್‌ನದಲ್ಲ. ಅದು ಮ್ಯಾನೇಜರ್‌ನದು.

2011ರ ಆಗಸ್ಟ್‌ನಲ್ಲಿ ಮತ್ತೆ ಅದೇ ಪಾಡು. ಮಿನೆಸೋಟದಲ್ಲಿ ಎರಡನೇ ಇನ್ನಿಂಗ್ ಮುಗಿಯುವ ಮುಂಚೆಯೇ ಜಿರಾರ್ಡಿ ಚೆಂಡು ಕಿತ್ತುಕೊಂಡ. ಅಕ್ಟೋಬರ್‌ಗೆ ಇವನನ್ನು ಬುಲ್‌ಪೆನ್‌ನಲ್ಲಿ ಕೂರಿಸಿದರೆ ಸಾಕು ಅಂತ ಎಲ್ಲರೂ ಅಂದುಕೊಂಡಿದ್ದೆವು. ಆದರೆ ಡೆಟ್ರಾಯಿಟ್ ವಿರುದ್ಧದ ಮೊದಲ ಪಂದ್ಯ ಮಳೆಯಿಂದ ಅರ್ಧಕ್ಕೆ ನಿಂತಿತು. ಸಬಾಥಿಯಾನ ತೋಳು ಅಲ್ಲೇ ಖರ್ಚಾಯಿತು. ಸರಣಿಯಲ್ಲಿ 2-1ರಲ್ಲಿ ಹಿಂದಿರುವಾಗ, ಸೋತರೆ ಮನೆಗೆ ಅನ್ನುವ ನಾಲ್ಕನೇ ಪಂದ್ಯ ಬರ್ನೆಟ್ ಕೈಗೆ ಬಂತು. ಡೆಟ್ರಾಯಿಟ್‌ನಲ್ಲಿ, ಅಕ್ಟೋಬರ್ 4.

ಮೊದಲ ಇನ್ನಿಂಗ್‌ನಲ್ಲೇ ಮೂರು ವಾಕ್. ಅದರಲ್ಲಿ ಒಂದು ಮಿಗೆಲ್ ಕಬ್ರೇರಾಗೆ ಬೇಕೆಂದೇ ಕೊಟ್ಟಿದ್ದು. ಮೂರೂ ಬೇಸ್ ಭರ್ತಿ, ಎರಡು ಔಟ್. ಬುಲ್‌ಪೆನ್‌ನಲ್ಲಿ ಆಗಲೇ ಒಬ್ಬ ತೋಳು ಬಿಸಿ ಮಾಡುತ್ತಿದ್ದ. ಡಾನ್ ಕೆಲ್ಲಿ ಹೊಡೆದ ಚೆಂಡು ನೇರ ಸೆಂಟರ್ ಫೀಲ್ಡ್ ಕಡೆಗೆ ಹಾರಿತು. ಕರ್ಟಿಸ್ ಗ್ರಾಂಡರ್ಸನ್ ಮೊದಲು ಒಂದೆರಡು ಹೆಜ್ಜೆ ಮುಂದೆ ಬಂದ. ಚೆಂಡು ತಲೆ ಮೇಲೆ ಹೋಗುತ್ತಿದೆ ಅಂತ ಗೊತ್ತಾಗಿ ತಿರುಗಿ ಓಡಿ, ನೆಗೆದು, ಗ್ಲೌಸ್ ಚಾಚಿ ಹಿಡಿದ. ಅದು ಬಿದ್ದಿದ್ದರೆ ಮೂರು ರನ್, ಜೊತೆಗೆ ಬರ್ನೆಟ್‌ನ ನ್ಯೂಯಾರ್ಕ್ ಬದುಕೂ ಅಲ್ಲಿಗೆ ಮುಗಿಯುತ್ತಿತ್ತು. ಹಿಡಿದ ಮೇಲೆ ಅದೇ ಬರ್ನೆಟ್ ಆರನೇ ಇನ್ನಿಂಗ್‌ವರೆಗೂ ಎಸೆದು, ಒಂದೇ ರನ್ ಕೊಟ್ಟ. 10-1 ಗೆಲುವು. ಗುಂಡಿಗೆ ಇಲ್ಲದವನು ಇದನ್ನು ಮಾಡುತ್ತಾನಾ? ನ್ಯೂಯಾರ್ಕ್ ಪರ ಅವನು ಆಡಿದ ಕೊನೆಯ ಪಂದ್ಯ ಅದು. ಎರಡು ದಿನದ ನಂತರ ಐದನೆಯದರಲ್ಲಿ 3-2ರಲ್ಲಿ ಸೋತೆವು.

2012ರ ಫೆಬ್ರುವರಿಯಲ್ಲಿ ಅವನನ್ನು ಪಿಟ್ಸ್‌ಬರ್ಗ್ ಪೈರೇಟ್ಸ್‌ಗೆ ಸಾಗಹಾಕಿದರು. ಬಾಕಿ ಇದ್ದ 3.3 ಕೋಟಿ ಡಾಲರ್‌ನಲ್ಲಿ 2 ಕೋಟಿಯನ್ನು ಯಾಂಕೀಸ್ ತಾವೇ ಕೊಟ್ಟರು, ಅವನು ಬೇರೆಯವರಿಗೆ ಆಡಲಿ ಅಂತ! ಅಲ್ಲಿ ಹೋದ ಕೂಡಲೇ, ಬ್ಯಾಟ್ ಬೀಸದೆ ಚೆಂಡಿಗೆ ಮೆತ್ತಗೆ ಒಡ್ಡುವ ಬಂಟಿಂಗ್ ಅಭ್ಯಾಸದಲ್ಲಿ ಚೆಂಡು ಮುಖಕ್ಕೆ ಬಡಿದು ಕಣ್ಣಿನ ಸುತ್ತಲ ಮೂಳೆ ಮುರಿಯಿತು. ವಾಪಸ್ ಬಂದು ಮೇ 2ರಂದು ಸೇಂಟ್ ಲೂಯಿಸ್‌ನಲ್ಲಿ ಮೂರು ಇನ್ನಿಂಗ್ ಕೂಡ ಮುಗಿಸದೆ 12 ರನ್ ಕೊಟ್ಟ. ನಮ್ಮವರೆಲ್ಲ ನೋಡಿದ್ರಾ ಅಂದರು. ಆಮೇಲೆ ನಡೆದದ್ದು ಬೇರೆ. ಜುಲೈ 31ರಂದು ಶಿಕಾಗೊ ಕಬ್ಸ್ ವಿರುದ್ಧ ಎಂಟನೇ ಇನ್ನಿಂಗ್‌ನಲ್ಲಿ ಎರಡು ಔಟ್ ಆಗುವವರೆಗೂ ಒಂದೂ ಹಿಟ್ ಕೊಡಲಿಲ್ಲ. ಸೀಸನ್ ಮುಗಿದಾಗ 16 ಗೆಲುವು, 10 ಸೋಲು, ಇಆರ್‌ಎ 3.51. ಮರುವರ್ಷ 3.30, ಜೊತೆಗೆ 209 ಸ್ಟ್ರೈಕ್‌ಔಟ್. ಸತತ 20 ವರ್ಷ ಗೆಲುವಿಗಿಂತ ಸೋಲೇ ಹೆಚ್ಚು ಕಂಡಿದ್ದ ಪೈರೇಟ್ಸ್ 2013ರಲ್ಲಿ 94 ಪಂದ್ಯ ಗೆದ್ದು ಪ್ಲೇಆಫ್‌ಗೆ ಬಂತು.

ಅಲ್ಲಿ ಬದಲಾದದ್ದು ಗುಂಡಿಗೆಯಾ? ನೇರ ಫಾಸ್ಟ್‌ಬಾಲ್ ಕಮ್ಮಿ ಮಾಡಿ, ಕೊನೆಯಲ್ಲಿ ಕೆಳಗಿಳಿಯುವ ಸಿಂಕರ್ ಜಾಸ್ತಿ ಎಸೆದ. ಪಿಚಿಂಗ್ ಕೋಚ್ ರೇ ಸಿಯರೇಜ್ ನಂಬಿದ್ದೇ ಅದನ್ನು. ಚೆಂಡು ಗಾಳಿಗೆ ಏಳದೆ ನೆಲದ ಮೇಲೆ ಉರುಳಿತು, ಇನ್‌ಫೀಲ್ಡರ್‌ಗಳು ಹಿಡಿದು ಔಟ್ ಮಾಡಿದರು. ಯಾಂಕೀ ಸ್ಟೇಡಿಯಂನ ಬಲ ಮೂಲೆ ಬರೀ 314 ಅಡಿ. ಎಡಗೈ ಬ್ಯಾಟರ್ ಅರ್ಧಂಬರ್ಧ ಹೊಡೆದದ್ದೂ ಅಲ್ಲಿ ಹೋಮ್ ರನ್. ಪಿಟ್ಸ್‌ಬರ್ಗ್‌ನಲ್ಲಿ ಅದೇ ಬಲಗಡೆ 21 ಅಡಿ ಎತ್ತರದ ಗೋಡೆ ಇದೆ. ಇನ್ನು ಆ ಕಾಲದಲ್ಲಿ ಪಿಟ್ಸ್‌ಬರ್ಗ್ ಇರುವ ನ್ಯಾಷನಲ್ ಲೀಗ್‌ನಲ್ಲಿ ಪಿಚರ್‌ಗಳೇ ಬ್ಯಾಟ್ ಮಾಡಬೇಕಿತ್ತು. ಅಂದರೆ ಒಂಬತ್ತು ಬ್ಯಾಟರ್‌ಗಳಲ್ಲಿ ಒಬ್ಬ ಸುಲಭದ ತುತ್ತು. ಇಷ್ಟೆಲ್ಲ ಕೂಡಿ ಒಳ್ಳೆ ಎ.ಜೆ. ಜಾಸ್ತಿ ಸಲ ಬಂದ. ಕೆಟ್ಟ ಎ.ಜೆ. ಪೂರ್ತಿ ಹೋಗಲಿಲ್ಲ. 2013ರ ಪ್ಲೇಆಫ್‌ನಲ್ಲಿ ಸೇಂಟ್ ಲೂಯಿಸ್ ವಿರುದ್ಧ ಮೂರನೇ ಇನ್ನಿಂಗ್‌ನಲ್ಲಿ 7 ರನ್ ಕೊಟ್ಟ. ಐದನೇ ಪಂದ್ಯಕ್ಕೆ ಅವನನ್ನು ಬಿಟ್ಟು ಹೊಸ ಹುಡುಗ ಗೆರಿಟ್ ಕೋಲ್‌ನನ್ನು ಇಳಿಸಿದರು. 2014ರಲ್ಲಿ ಫಿಲಡೆಲ್ಫಿಯಾಗೆ ಹೋಗಿ, ಹರ್ನಿಯಾ ಇಟ್ಟುಕೊಂಡೇ 34 ಪಂದ್ಯ ಎಸೆದು 18 ಸೋತ. 2015ರಲ್ಲಿ ಜಾಸ್ತಿ ದುಡ್ಡು ಬಿಟ್ಟು ಪಿಟ್ಸ್‌ಬರ್ಗ್‌ಗೇ ಮರಳಿ, 38ನೇ ವಯಸ್ಸಿನಲ್ಲಿ ಮೊದಲ ಸಲ ಆಲ್-ಸ್ಟಾರ್ ಆದ, ಅಂದರೆ ಲೀಗ್‌ನ ಆಯ್ದ ಆಟಗಾರರ ತಂಡಕ್ಕೆ ಆಯ್ಕೆಯಾದ. ಅದೇ ಅವನ ಕೊನೆಯ ಸೀಸನ್. ಒಟ್ಟು 164 ಗೆಲುವು, 157 ಸೋಲು.

ಮಾತು ಮುಗಿದ ಮೇಲೆ ಹಿರಿಯರೊಬ್ಬರು ಒಂದು ಪ್ರಶ್ನೆ ಕೇಳಿದರು. "ಇಷ್ಟೆಲ್ಲ ಗೊತ್ತಿದ್ದೂ ನೀವೇ ಯಾಂಕೀಸ್ ಯಜಮಾನರಾಗಿದ್ದರೆ ಅವನಿಗೆ ಆ ದುಡ್ಡು ಕೊಡ್ತಿದ್ರಾ?" ಅಂತ. ಕೊಡುತ್ತಿದ್ದೆ ಸರ್. ವರ್ಷಕ್ಕೆ ಇನ್ನೂ ಒಂದಿಷ್ಟು ಜಾಸ್ತಿಯೇ ಕೊಡುತ್ತಿದ್ದೆ. ಆದರೆ ಐದು ವರ್ಷಕ್ಕಲ್ಲ, ಎರಡು ವರ್ಷಕ್ಕೆ. ಬಂದ ಮೊದಲ ದಿನವೇ ಸಿಂಕರ್ ಕಲಿಯಪ್ಪಾ ಅಂತ ಕೈಗೆ ಚೆಂಡು ಕೊಡುತ್ತಿದ್ದೆ.